ಏಳನೇ ಅಧ್ಯಾಯದ ಹಿತ್ತಾಳೆ ಚೆಂಬು

ನಾನು ಕಾದಂಬರಿ ಬರೆಯುತ್ತಿದ್ದೇನೆಂಬ ವಿಷಯ ನಮ್ಮ ಬೀದಿಯ ಕ್ಷೌರಿಕನಿಗೆ ಗೊತ್ತು, ಹಾಲಿನವನಿಗೆ ಗೊತ್ತು, ನನ್ನ ದವಡೆ ಹಲ್ಲು ಕಿತ್ತ ಡಾಕ್ಟರಿಗೂ ಗೊತ್ತು (ಬಾಯಿ ಅಗಲಿಸಿಕೊಂಡೇ ಎರಡು ಅಧ್ಯಾಯ ಹೇಳಿ ಮುಗಿಸಿದ್ದೆ). ಸಿಕ್ಕಾಗಲೆಲ್ಲ ಅವರು ಮುಂದೇನಾಯಿತು ಎಂದು ಕೇಳುತ್ತಾರೆ. ಕೇಳದವಳು ಒಬ್ಬಳೇ, ನನ್ನ ಹೆಂಡತಿ. ಹಸ್ತಪ್ರತಿಯನ್ನು ಅವಳ ದಿಂಬಿನ ಪಕ್ಕ ಇಟ್ಟು ನೋಡಿದೆ. ಎತ್ತರ ಸಾಲದೆಂದು ಅದು ದಿಂಬಿನ ಕೆಳಗೆ ಹೋಯಿತು. ಊಟದ ಮೇಜಿನ ಮೇಲಿಟ್ಟೆ. ಬಿಸಿ ಪಾತ್ರೆ ಬಂದು ಅದರ ಮೇಲೆ ಕುಳಿತಿತು. ಮೂರನೇ ಅಧ್ಯಾಯದ ಮೇಲೆ ದುಂಡಗಿನ ಕಲೆಯೊಂದು ಇವತ್ತಿಗೂ ಇದೆ.

"ಒಂದೇ ಒಂದು ಪುಟ ಓದೇ," ಎಂದು ಅಂಗಲಾಚಿದರೆ, "ಓದ್ತೀನಿ ರೀ, ಶಾಲೆಗೆ ರಜ ಬರಲಿ," ಎನ್ನುತ್ತಾಳೆ. ರಜ ಬಂದರೆ, "ಶಾಲೆ ಶುರುವಾಗಲಿ, ಮನೆಗೆಲಸ ಕಮ್ಮಿ ಆಗುತ್ತೆ," ಎನ್ನುತ್ತಾಳೆ. ಅವಳು ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕಿ. ದಿನಾ ಸಂಜೆ ನೂರಾ ನಲವತ್ತು ಗಾಜಿನ ನಳಿಕೆ ಎಣಿಸಿ ಬೀರುವಿಗೆ ಬೀಗ ಹಾಕಿ ಬರುವವಳು. ಇಪ್ಪತ್ತು ವರ್ಷದಲ್ಲಿ ಲೆಕ್ಕ ಒಂದು ದಿನವೂ ತಪ್ಪಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನನ್ನ ಉದ್ಯೋಗವನ್ನೂ ಹೇಳಿಬಿಡುತ್ತೇನೆ. ಬಸ್ ನಿಲ್ದಾಣದಲ್ಲಿ ಶೌಚಾಲಯದ ಪಕ್ಕ 'ಕಳೆದುಹೋದ ವಸ್ತುಗಳ ವಿಭಾಗ' ಎಂಬ ಕಿಟಕಿ ಇದೆಯಲ್ಲ, ಅದರ ಹಿಂದೆ ಕುಳಿತ ಮಹಾಪುರುಷ ನಾನೇ. ಕಬ್ಬಿಣದ ಕಪಾಟುಗಳ ತುಂಬ ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಯಾರದೋ ಕಟ್ಟುಹಲ್ಲು. ಬಂದದ್ದಕ್ಕೆಲ್ಲ ಚೀಟಿ ಬರೆದು ಕಟ್ಟಬೇಕು: 'ಕೊಡೆ, ಕಪ್ಪು, ಮೂರನೇ ಕಡ್ಡಿ ಬಾಗಿದೆ, ಹಿಡಿಯಲ್ಲಿ ಹಲ್ಲಿನ ಗುರುತು.' ಕೇಳಿಕೊಂಡು ಬಂದವರು ಗುರುತನ್ನು ತಾವಾಗಿ ಹೇಳಿದರೆ ಮಾತ್ರ ವಸ್ತು ಕೈಗೆ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿ ನನ್ನ ಕೈ ಹೇಗೆ ಪಳಗಿದೆಯೆಂದರೆ, ಯಾವ ವಸ್ತುವನ್ನೂ ಅದರ ಸೊಟ್ಟ ಸಮೇತ ಬರೆಯದೆ ಬಿಡಲಾರೆ.

ಇಂಥ ಕೈಯಿಂದ ಹೊಮ್ಮುತ್ತಿದ್ದ ಮಹಾಕೃತಿಯೇ 'ಮುಳುಗಿದ ಹಡಗಿನ ಮೂರನೇ ಬೀಗ'. ಮುನ್ನೂರು ವರ್ಷದ ಹಿಂದೆ ಶಾಂತ ಸಮುದ್ರದಲ್ಲಿ ಹಡಗೊಂದು ಮುಳುಗಿದೆ. ಪುರಾತತ್ವ ಪಂಡಿತನೊಬ್ಬ ಕಡಲ ತಳದಲ್ಲಿ ಉತ್ಖನನ ಮಾಡುತ್ತಾನೆ. ನೋಡಿದರೆ ತಳದ ತೂತನ್ನು ಒಳಗಿನಿಂದ ಕೊರೆಯಲಾಗಿದೆ. ಕೊರೆದವರು ಯಾರು? ಇದು ಪಂಡಿತನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆರು ಅಧ್ಯಾಯ ಹೇಗೋ ದೂಡಿದ್ದೆ. ಏಳನೆಯದರಲ್ಲಿ ವಸ್ತುಗಳು ಮೇಲೆ ಬರಬೇಕು. ಬಹುಕಾಲ ನೀರಿನಲ್ಲಿದ್ದ ವಸ್ತು ಹೇಗೆ ಕಾಣುತ್ತದೆ? ನಾನು ಸಮುದ್ರ ನೋಡಿರುವುದು ಕ್ಯಾಲೆಂಡರಿನಲ್ಲಿ ಮಾತ್ರ.

ಆಗ ಹೊಳೆಯಿತು ನನಗೆ ಆ ದಿವ್ಯ ಉಪಾಯ. ನಮ್ಮ ಹಿತ್ತಲಲ್ಲಿ ಗಿಡಗಳಿಗೆ ನೀರು ತುಂಬುವ ಕಲ್ಲುತೊಟ್ಟಿ ಇದೆ. ಎದೆಮಟ್ಟ ನೀರು, ಅದರಡಿ ಒಂದು ಗೇಣು ಕೆಸರು. (ತೊಟ್ಟಿ ತೊಳೆಯಿರಿ ಎಂದು ಹೆಂಡತಿ ಹೇಳಲು ಶುರುಮಾಡಿ ಏಳು ವರ್ಷ. ಮುಂದಿನ ಭಾನುವಾರ ತೊಳೆಯುತ್ತೇನೆ ಎಂದು ನಾನು ಹೇಳಲು ಶುರುಮಾಡಿಯೂ ಏಳು ವರ್ಷ.) ಅವಳು ಶಾಲೆಗೆ ಹೋದ ಒಂದು ಬೆಳಿಗ್ಗೆ ನಾಲ್ಕು ವಸ್ತುಗಳನ್ನು ಜಲಸಮಾಧಿ ಮಾಡಿದೆ: ಹಿಡಿಗೆ ಕೆಂಪು ದಾರ ಸುತ್ತಿದ ಕತ್ತರಿ, ಕೀಲಿ ಕಳೆದ ಬೀಗ, ಕಿವಿ ಮುರಿದ ಪಿಂಗಾಣಿ ಕಪ್ಪು, ಮತ್ತು ಒಂದು ಹಿತ್ತಾಳೆ ಚೆಂಬು. ತೊಟ್ಟಿ ಸಮುದ್ರವಾಗಲೆಂದು ಎರಡು ಕಿಲೋ ಉಪ್ಪನ್ನೂ ಸುರಿದೆ. ನಲವತ್ತು ದಿನದ ಲೆಕ್ಕ. ಆಗಾಗ ಉದ್ದ ಕೋಲಿಗೆ ಕೊಕ್ಕೆ ಕಟ್ಟಿ ಒಂದೊಂದನ್ನೇ ಎತ್ತಿ ನೋಡಿ, ಬರೆದುಕೊಂಡು, ಮತ್ತೆ ಬಿಡುತ್ತಿದ್ದೆ.

ತಪ್ಪಿದ್ದು ಚೆಂಬಿನ ವಿಷಯದಲ್ಲಿ. ಅದು ಹೆಂಡತಿಗೆ ಅವಳ ತಾಯಿ, ಅಂದರೆ ನನ್ನ ಅತ್ತೆ, ಕೊಟ್ಟದ್ದು. ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಕಿಲುಬು ಹಿಡಿದು ಕುಳಿತಿತ್ತು, ಯಾರೂ ಕೇಳುವುದಿಲ್ಲ ಎಂದುಕೊಂಡಿದ್ದೆ. ಇಪ್ಪತ್ತಾರನೇ ದಿನ ಅತ್ತೆಯ ಫೋನು ಬಂತು. ಹದಿನೈದು ದಿನ ಬಿಟ್ಟು ಭಾನುವಾರ ಬರುತ್ತಾರಂತೆ. ಹೆಂಡತಿ ಸ್ಟೂಲು ಹತ್ತಿ ಹಲಗೆ ತಡವಿದಳು, ಇಳಿದಳು, ಮತ್ತೆ ಹತ್ತಿದಳು.

"ರೀ, ಚೆಂಬು ನೋಡಿದ್ರಾ?"

"ಯಾವ ಚೆಂಬು?" ಎಂದೆ. ಇದು ಸುಳ್ಳಲ್ಲ, ಬರೀ ಪ್ರಶ್ನೆ ಎಂದು ಆಗ ಸಮಾಧಾನ ಮಾಡಿಕೊಂಡೆ.

ಅವಳು ಬೈಯಲಿಲ್ಲ, ಹುಡುಕಿದಳು. ಹುಡುಕುತ್ತ ಕತ್ತರಿಯೂ ಇಲ್ಲ, ಬೀಗವೂ ಇಲ್ಲ ಎಂದು ಗೊತ್ತಾಯಿತು. ಮುಂದಿನ ತಿಂಗಳಿಗೆಂದು ತೆಗೆದಿಟ್ಟ ಉಪ್ಪಿನ ಪೊಟ್ಟಣಗಳೂ ಇರಲಿಲ್ಲ. ಹಿತ್ತಲ ಗುಲಾಬಿ ಗಿಡಗಳು ಎಲೆ ಉದುರಿಸತೊಡಗಿದವು. "ನೀರು ಹಾಕೋದೂ ಮರೀತಿದ್ದೀನಾ?" ಎಂದು ತನ್ನಷ್ಟಕ್ಕೆ ಕೇಳಿಕೊಂಡು, ಅದೇ ಉಪ್ಪುನೀರನ್ನು ಇನ್ನೆರಡು ಬಕೆಟ್ ಹೆಚ್ಚಿಗೆ ಸುರಿದಳು. ಪ್ರಯೋಗಾಲಯದಲ್ಲಿ ನಳಿಕೆಗಳನ್ನು ಎರಡೆರಡು ಸಲ ಎಣಿಸಲು ಶುರುಮಾಡಿ ಮನೆಗೆ ತಡವಾಗಿ ಬರತೊಡಗಿದಳು.

ಮೂವತ್ತೆಂಟನೇ ದಿನ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತ ಮೆಲ್ಲಗೆ ಅಂದಳು: "ನಮ್ಮಜ್ಜಿಗೂ ಹೀಗೇ ಶುರುವಾಗಿದ್ದು. ಮೊದಲು ಪಾತ್ರೆ ಎಲ್ಲಿಟ್ಟೆ ಅಂತ ಮರೀತಿದ್ರು. ಆಮೇಲೆ ನಮ್ಮನ್ನೇ ಮರೆತುಬಿಟ್ರು."

ಸಾಹಿತ್ಯ ಹಾಳಾಗಿ ಹೋಗಲಿ, ಸಂಜೆ ಬಂದವನೇ ಎಲ್ಲ ಒಪ್ಪಿಕೊಂಡು ಬಿಡಬೇಕು ಎಂದು ನಿರ್ಧರಿಸಿ ಕಚೇರಿಗೆ ಹೊರಟೆ. ಅಲ್ಲೇ ಒಪ್ಪಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಬಸ್ಸಿಗೆ ಹೊತ್ತಾಗಿತ್ತು, ಧೈರ್ಯವೂ ಸಂಜೆಯ ಹೊತ್ತಿಗೆ ಹೆಚ್ಚು ಬರುತ್ತದೆ.

ಮಧ್ಯಾಹ್ನ ಮೂರು ಗಂಟೆ. ಕೊಡೆ ಕಳೆದುಕೊಂಡ ಮುದುಕರೊಬ್ಬರನ್ನು ಸಾಗಹಾಕಿ ತಲೆ ತಗ್ಗಿಸಿ ಚೀಟಿ ಬರೆಯುತ್ತಿದ್ದೆ. "ಒಂದು ವಸ್ತು ಕಳೆದಿದೆ," ಎಂಬ ದನಿ ಕೇಳಿತು. ತಲೆ ಎತ್ತಿದರೆ ಕಿಟಕಿಯಾಚೆ ನನ್ನ ಹೆಂಡತಿ. ಪ್ರಯೋಗಾಲಯದ ಬಿಳಿ ಕೋಟು ಮೈಮೇಲೇ ಇತ್ತು.

"ನೀನು ಇಲ್ಲಿ..."

"ಫಾರಂ ಕೊಡಿ."

ನನ್ನ ಹಿಂದೆ ಮೇಲ್ವಿಚಾರಕರು ಕುಳಿತಿದ್ದರು. ನಿಯಮ ಬಿಟ್ಟು ಸೀನುವವರೂ ಅಲ್ಲ. ನನ್ನ ಹೆಂಡತಿಯನ್ನು ನೋಡಿದವರೂ ಅಲ್ಲ. "ಕೊಡ್ರೀ, ಸಾರ್ವಜನಿಕರನ್ನ ಯಾಕೆ ಕಾಯಿಸ್ತೀರಿ," ಎಂದರು. ಕೊಟ್ಟೆ.

"ಏನು ಕಳೆದಿದೆ?"

"ಹಿತ್ತಾಳೆ ಚೆಂಬು."

"ಗುರುತು?" ಫಾರಮ್ಮಿನಿಂದ ತಲೆ ಎತ್ತದೆ ಕೇಳಿದೆ.

ಅವಳು ಚೀಲದಿಂದ ನಾಲ್ಕು ಹಾಳೆ ತೆಗೆದಳು. ಅಕ್ಷರ ನನ್ನದೇ. ಗಂಟಲು ಸರಿಮಾಡಿಕೊಂಡು ಓದಿದಳು: "'ಮುಳುಗು ತಜ್ಞನ ಕೈಗೆ ಸಿಕ್ಕ ಆ ಪುರಾತನ ಪಾತ್ರೆಯ ಕಂಠದ ಕೆಳಗೆ, ಎಡಕ್ಕೆ, ಹೆಬ್ಬೆರಳು ಹಿಡಿಸುವಷ್ಟು ಅರ್ಧಚಂದ್ರಾಕಾರದ ನೆಗ್ಗು. ತಳದಲ್ಲಿ ಬೆಸುಗೆಯ ಎರಡು ಚುಕ್ಕೆ, ಒಂದು ದೊಡ್ಡದು, ಒಂದು ಚಿಕ್ಕದು.'"

ಮೇಲ್ವಿಚಾರಕರು ಕುರ್ಚಿಯಿಂದ ಎದ್ದೇ ಬಂದರು. "ನೋಡ್ರೀ, ಗುರುತು ಹೇಳಿದ್ರೆ ಹೀಗೆ ಹೇಳಬೇಕು. ಇಷ್ಟು ಚೆನ್ನಾಗಿ ಯಾರಮ್ಮಾ ಬರೆದುಕೊಟ್ಟಿದ್ದು?"

"ತಗೊಂಡು ಹೋದವರೇ ಬರೆದಿದ್ದು ಸಾರ್."

ನನ್ನ ಬರಹಕ್ಕೆ ದೊರೆತ ಮೊದಲ ಪ್ರಶಂಸೆ ಇದು. ಅನುಭವಿಸಲು ಆಗಲಿಲ್ಲ.

"ಎಲ್ಲಿರಬಹುದು ಅಂತ ಅನುಮಾನ?" ಫಾರಮ್ಮಿನಲ್ಲಿದ್ದ ಮುಂದಿನ ಪ್ರಶ್ನೆ ಅದು. ಕೇಳಲೇಬೇಕು.

"ಪುಟ ತೊಂಬತ್ತಾರು," ಎಂದಳು. "'ಉಪ್ಪುನೀರಿನಡಿ ಒಂದು ಗೇಣು ಕೆಸರು. ಮೇಲೆ ತೇಲುವ ಗುಲಾಬಿ ಎಲೆಗಳು.' ನಡುಸಮುದ್ರದಲ್ಲಿ ಗುಲಾಬಿ ಎಲೆ ಎಲ್ಲಿಂದ ಬಂತು ರೀ?"

ಮನೆಯಲ್ಲಿ ಹುಡುಕದೆ ಉಳಿದ ಜಾಗವೆಂದರೆ ನನ್ನ ಮೇಜಿನ ಡ್ರಾಯರ್ ಒಂದೇ ಆಗಿತ್ತಂತೆ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವಳು ಅದನ್ನು ತೆಗೆದು, ಅಲ್ಲೇ ನೆಲದ ಮೇಲೆ ಕುಳಿತು ಓದಿದ್ದಾಳೆ. ನಾನು ಆರು ತಿಂಗಳು ಅಂಗಲಾಚಿ ಓದಿಸಲಾಗದ ಕಾದಂಬರಿಯನ್ನು ನನ್ನ ಮೇಲಿನ ಸಾಕ್ಷಿಯಾಗಿ ಒಂದೇ ಉಸಿರಿಗೆ ಮುಗಿಸಿದ್ದಾಳೆ.

ಅವಳು ಕಿಟಕಿಗೆ ಇನ್ನಷ್ಟು ಹತ್ತಿರ ಬಗ್ಗಿದಳು. "ನಾಳೆ ಡಾಕ್ಟರ ಹತ್ರ ಹೋಗೋಣ ಅಂತ ಚೀಟಿ ಮಾಡಿಸಿದ್ದೆ. ತಲೆ ತೋರಿಸೋಕೆ." ಕಣ್ಣು ಒದ್ದೆಯಾಗಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಂಥ ಹೆಂಗಸನ್ನು ಒಂದು ಅಧ್ಯಾಯಕ್ಕಾಗಿ ಹನ್ನೆರಡು ದಿನ ಹೆದರಿಸಿದ ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ.

"ತಪ್ಪಾಯ್ತು ಕಣೇ," ಎಂದೆ, ಕಿಟಕಿಯ ಸರಳುಗಳ ನಡುವೆ.

"ತಪ್ಪಾಯ್ತು ಅಂತ ಬರೆಯೋಕೆ ಫಾರಮ್ಮಲ್ಲಿ ಜಾಗ ಇಲ್ಲ," ಎಂದರು ಮೇಲ್ವಿಚಾರಕರು.

ಭಾನುವಾರ ಬೆಳಿಗ್ಗೆ ಉತ್ಖನನ. ಕೊಕ್ಕೆ ಬೇಡ, ತೊಟ್ಟಿ ತೊಳೆದೇ ತೆಗೆಯಿರಿ ಎಂದು ಹೆಂಡತಿಯ ಆಜ್ಞೆಯಾಗಿತ್ತು. ಚಡ್ಡಿ ತೊಟ್ಟು, ನೀರನ್ನೆಲ್ಲ ಬಕೆಟ್ಟಿನಲ್ಲಿ ಹೊರಗೆ ಚೆಲ್ಲಿ, ಕಣಕಾಲು ಮುಳುಗುವ ಕೆಸರಿಗಿಳಿದೆ. ಅತ್ತೆ ಮೊದಲ ಬಸ್ಸಿಗೇ ಬಂದು ತೊಟ್ಟಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಹೆಂಡತಿ ನನ್ನನ್ನು ಬಿಟ್ಟುಕೊಡಲಿಲ್ಲ. "ಕಾದಂಬರಿಗೆ ಅಭ್ಯಾಸ ಮಾಡ್ತಿದಾರೆ ಅಮ್ಮ," ಎಂದಷ್ಟೇ ಹೇಳಿದಳು.

"ಒಳ್ಳೇದಾಯ್ತು," ಎಂದರು ಅತ್ತೆ. "ಅಳಿಯಂದ್ರು ಇನ್ನೊಂದು ಬರೀಲಿ, ಅಟ್ಟಾನೂ ಕ್ಲೀನ್ ಆಗುತ್ತೆ."

ಕಪ್ಪು ಬಂತು, ಕತ್ತರಿ ಬಂತು, ಬೀಗ ಬಂತು. ಚೆಂಬು ಬಂದಾಗ ಹೆಂಡತಿ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ನೆಗ್ಗಿನಲ್ಲಿ ಹೆಬ್ಬೆರಳಿಟ್ಟು ನೋಡಿದಳು. ಮುಗಿಯಿತೆಂದು ಮೇಲೆ ಹತ್ತುವಷ್ಟರಲ್ಲಿ ಕಾಲಿಗೆ ಇನ್ನೇನೋ ತಗುಲಿತು. ಉದ್ದಕ್ಕೆ, ಚಪ್ಪಟೆಗೆ. ಎತ್ತಿ ಕೆಸರು ಒರೆಸಿದೆ. ನನ್ನ ಮೌತ್ ಆರ್ಗನ್.

ದಿನಾ ಬೆಳಿಗ್ಗೆ ಸಂಜೆ ನಾನು ಊದುತ್ತಿದ್ದದ್ದು, ಆರು ವರ್ಷದ ಹಿಂದೆ ಕಾಣೆಯಾದದ್ದು. ಅದಕ್ಕಾಗಿ ನಮ್ಮ ವಿಭಾಗದಲ್ಲಿ ನಾನೇ ಅರ್ಜಿ ಬರೆದು ನಾನೇ ಸಹಿ ಹಾಕಿದ್ದೆ. ಇದು ನನ್ನ ಷಡ್ಡಕನ ಕೆಲಸವೆಂದು ನಂಬಿ ಆರು ವರ್ಷದಿಂದ ಅವನೊಂದಿಗೆ ಸರಿಯಾಗಿ ಮಾತಾಡಿರಲಿಲ್ಲ. ಆಗ ನನ್ನ ಜೊತೆ ಮಂಚದ ಕೆಳಗೆ ಎರಡು ದಿನ ತೆವಳಿ ಹುಡುಕಿದವಳು ಇದೇ ಹೆಂಡತಿ.

"ಇದು... ಇಲ್ಲಿ ಹೇಗೆ..."

ಅತ್ತೆ ಆಕಾಶ ನೋಡತೊಡಗಿದರು. ಹೆಂಡತಿ ಒಂದು ಕ್ಷಣ ಚೆಂಬು ನೋಡಿದಳು, ಮೌತ್ ಆರ್ಗನ್ ನೋಡಿದಳು. ಇದ್ದಕ್ಕಿದ್ದಂತೆ ಅವಳ ಮುಖ ಅರಳಿತು.

"ಮಂಗಳವಾರ," ಎಂದಳು. "ಸಂಜೆ ಐದೂವರೆ. ನೀವು ಸ್ನಾನಕ್ಕೆ ಹೋಗಿದ್ರಿ. ನೀಲಿ ಟವೆಲ್ಲಲ್ಲಿ ಸುತ್ತಿ ತಂದೆ, ಟವೆಲ್ಲು ವಾಪಸ್ ತಗೊಂಡೆ. ಅಮ್ಮ ಈ ಕಂಬದ ಹತ್ರ ನಿಂತು ಯಾರಾದ್ರೂ ಬರ್ತಾರಾ ನೋಡ್ತಿದ್ರು." ಮಾತು ಮುಗಿಯುವ ಹೊತ್ತಿಗೆ ಅವಳಿಗೆ ನಗು ತಡೆಯಲಾಗಲಿಲ್ಲ. "ನೋಡಿದ್ರಾ, ಎಲ್ಲಾ ನೆನಪಿದೆ. ಒಂದೂ ಮರೆತಿಲ್ಲ."

ಕೋಪ ಮಾಡಿಕೊಳ್ಳಬೇಕೆಂದು ನಿಜವಾಗಿ ಪ್ರಯತ್ನಿಸಿದೆ. ಹದಿನೈದು ದಿನದಿಂದ ನಗದವಳು ನಗುತ್ತಿದ್ದಳು. ಕೆಸರಿನಲ್ಲಿ ನಿಂತೇ ನಾನೂ ನಕ್ಕುಬಿಟ್ಟೆ. ಮೌತ್ ಆರ್ಗನ್ ತೊಳೆದು ಊದಿದೆ. ಕೆಸರು ಬಂತು, ಗಾಳಿ ಬಂತು, ಸ್ವರ ಬರಲಿಲ್ಲ.

"ಈಗ ಕೇಳೋಕೆ ಚೆನ್ನಾಗಿದೆ," ಎಂದರು ಅತ್ತೆ.

ಅದೇ ವಾರ ಕೊನೆಯ ಅಧ್ಯಾಯ ಬರೆದೆ. ಹಡಗಿಗೆ ತೂತು ಕೊರೆದವಳು ಕಪ್ತಾನನ ಹೆಂಡತಿ. ಅವನು ದಿನವಿಡೀ ಕಹಳೆ ಊದುತ್ತಿದ್ದನೆಂಬುದೇ ಕಾರಣ. ಈ ಸಲ ಬೇಡಿಕೊಳ್ಳಬೇಕಾಗಲಿಲ್ಲ, ಅವಳೇ ಕೇಳಿ ತೆಗೆದುಕೊಂಡು ಪೂರ್ತಿ ಓದಿದಳು. ಪೆನ್ಸಿಲಿನಲ್ಲಿ ಒಂದೇ ಒಂದು ತಿದ್ದುಪಡಿ ಮಾಡಿ ವಾಪಸು ಕೊಟ್ಟಳು: 'ಅವಳು ಮುಳುಗಿಸಿದ್ದು ಕಹಳೆಯನ್ನು ಮಾತ್ರ. ಹಡಗಿನ ತಳ ರಿಪೇರಿ ಮಾಡಿಸಿ ಎಂದು ಅವಳು ಏಳು ವರ್ಷ ಹೇಳಿದ್ದಳು. ಮುಂದಿನ ಭಾನುವಾರ ಮಾಡಿಸುತ್ತೇನೆ ಎಂದು ಅವನು ಹೇಳುತ್ತಲೇ ಇದ್ದ.'