ಅಟ್ಟ ಹತ್ತಿದ ಐಸ್ ಟೀ

ನಾನು ಓದು ನಿಲ್ಲಿಸಿದ್ದು ೧೯೮೮ರಲ್ಲಿ. ಏಳನೇ ತರಗತಿಯ ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ನಮ್ಮಪ್ಪ ಬಂದು, "ಓದಿದ್ದು ಸಾಕು, ಕಾಯಿ ಸುಲಿಯಾಕೆ ಬಾರ್ಲಾ" ಅಂದರು. ಪುಸ್ತಕದ ಚೀಲವನ್ನು ಗೂಟಕ್ಕೆ ನೇತುಹಾಕಿ ಹೋದೆ. ಅಂದಿನಿಂದ ಇಂದಿನವರೆಗೆ ನಾನು ಸುಲಿದ ತೆಂಗಿನಕಾಯಿಗಳನ್ನು ಸಾಲಾಗಿ ಜೋಡಿಸಿದರೆ, ಆ ಸಾಲು ನಮ್ಮೂರು ಬಿಳಿಗೆರೆಯಿಂದ ತಿಪಟೂರಿಗೆ ಹೋಗಿ, ಸ್ಟೇಷನ್ನಿನಲ್ಲಿ ಟೀ ಕುಡಿದು ವಾಪಸ್ ಬರುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು. ಒಳಗೆ ನೀರಿದೆಯೋ, ಕೊಬ್ಬರಿಯಾಗಿದೆಯೋ, ಕೊಳೆತಿದೆಯೋ ಹೇಳಿಬಿಡುತ್ತೇನೆ. ಡಿಗ್ರಿ ಮಾಡಿದವರು ಹೇಳಲಿ ನೋಡೋಣ!

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಮುಂದೆ ನಡೆದದ್ದಕ್ಕೆ ನನ್ನ ಓದು ಕಡಿಮೆಯಾದದ್ದು ಕಾರಣವಲ್ಲ ಎಂಬುದು ಮೊದಲೇ ದಾಖಲಾಗಲಿ ಅಂತ. ಕಾರಣ ನನ್ನ ಬುದ್ಧಿ.

ನನ್ನ ಹೆಂಡತಿ ಜಯಮ್ಮ ನಮ್ಮೂರಿನ ಮಹಿಳಾ ಸಂಘದ ಅಧ್ಯಕ್ಷೆ. ಅವಳ ಒಬ್ಬನೇ ತಮ್ಮ ಕುಡಿದು ಕುಡಿದೇ ತೀರಿಕೊಂಡ. ಆ ಸಂಕಟದಲ್ಲಿ ಅವಳು ಇಪ್ಪತ್ತು ಹೆಂಗಸರನ್ನು ಕಟ್ಟಿಕೊಂಡು, ಊರಿನಲ್ಲಿ ಕದ್ದು ಮದ್ಯದ ಪಾಕೀಟು ಮಾರುತ್ತಿದ್ದ ಅಂಗಡಿಗಳ ಮುಂದೆ ಹನ್ನೊಂದು ದಿನ ಕೂತಳು. ಹನ್ನೆರಡನೇ ದಿನದಿಂದ ಊರಿನಲ್ಲಿ ಒಂದು ತೊಟ್ಟೂ ಸಿಗಲಿಲ್ಲ. ಆ ಹೋರಾಟದಲ್ಲಿ ನನ್ನ ಪಾತ್ರವೂ ಇತ್ತು. ಸಂಘದ ನಿಯಮಗಳನ್ನು ಪುಸ್ತಕದಲ್ಲಿ ಬರೆದುಕೊಟ್ಟವನು ನಾನೇ, ಏಕೆಂದರೆ ಊರಿನಲ್ಲಿ ನನ್ನಷ್ಟು ದುಂಡಗೆ ಬರೆಯುವವರು ಇಲ್ಲ. ನಾಲ್ಕನೇ ನಿಯಮ ಹೀಗಿದೆ: "ಊರಿನಲ್ಲಿ ಯಾರೇ ಆಗಲಿ ಅಮಲು ಬರುವ ಪಾನೀಯವನ್ನು ಮಾರಿದಲ್ಲಿ ಅಥವಾ ಕೊಟ್ಟಲ್ಲಿ, ಮೂವತ್ತು ದಿನ ಶಾಲೆಯ ಅಂಗಳ ಗುಡಿಸತಕ್ಕದ್ದು." ಇಷ್ಟನ್ನು ಅವರು ಹೇಳಿದ್ದರು. ವಾಕ್ಯ ಸ್ವಲ್ಪ ಬೋಳಾಗಿ ಕಂಡಿದ್ದರಿಂದ ನಾನೇ ಒಂದು ಸಾಲು ಸೇರಿಸಿದೆ: "ಅಧ್ಯಕ್ಷೆಯ ಗಂಡನಾದರೂ ಬಿಡತಕ್ಕದ್ದಲ್ಲ." ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಈ ಬೇಸಿಗೆಯಲ್ಲಿ ತಿಪಟೂರಿನ ತಾಲ್ಲೂಕು ಕಚೇರಿಯಿಂದ ಒಬ್ಬರು ಮೇಡಂ ಸಂಘ ನೋಡಲು ಬರುತ್ತಾರೆಂದು ಗೊತ್ತಾಯಿತು. ಸಂಘಕ್ಕೆ ಸ್ವಂತ ಕೊಠಡಿ ಇಲ್ಲ. ಸಭೆ ನಡೆಯುವುದೇ ನಮ್ಮ ಮನೆಯ ಹಜಾರದಲ್ಲಿ. ಮೇಡಂ ನೋಡಿ ಒಪ್ಪಿದರೆ ಕೊಠಡಿ ಆಗುತ್ತದೆ. ಜಯಮ್ಮ ಎರಡು ವರ್ಷದಿಂದ ಅದೊಂದಕ್ಕೇ ಓಡಾಡುತ್ತಿದ್ದಳು.

"ಪಾನಕ, ಮಜ್ಜಿಗೆ ಮಾಡಿದ್ರಾಯ್ತು" ಅಂದಳು.

"ಪಾನಕವಾ? ಆಯಮ್ಮ ಹೋದ ಊರಲ್ಲೆಲ್ಲ ಪಾನಕ ಕೊಟ್ಟಿರ್ತಾರೆ ಕಣೇ. ನಮ್ಮನೆ ಹೆಸರು ಜ್ಞಾಪಕ ಇರೋ ಹಂಗೆ ಏನಾರ ಕೊಡ್ಬೇಕು. ಅದನ್ನ ನಂಗೆ ಬುಡು."

"ನಿಮ್ಗೆ ಬುಟ್ರೆ ಜ್ಞಾಪಕ ಇದ್ದೇ ಇರ್ತದೆ. ಅದೇ ನಂಗೆ ಭಯ."

ತುರುವೇಕೆರೆಗೆ ಕೊಟ್ಟಿರುವ ಮಗಳು ಸವಿತಾಗೆ ಫೋನ್ ಮಾಡಿದೆ. ಅವಳು ಒಂದು ವಿಡಿಯೋ ಕಳಿಸಿದಳು. ಉದ್ದನೆಯ ಗಾಜಿನ ಲೋಟ, ಕೆಂಪನೆ ಟೀ, ತೇಲುವ ಐಸು, ಮೇಲೆ ಪುದೀನ ಎಲೆ. ಹೆಸರು ಐಸ್ ಟೀ ಕಾಕ್‌ಟೇಲ್. ಜಯಮ್ಮ ಹಿಂದಿನಿಂದ ಬಗ್ಗಿ ನೋಡಿದಳು.

"ಏನ್ರೀ ಅದು? ಕಾಕ್‌ಟೇಲು ಅಂದ್ರೆ ಬ್ರಾಂದಿ ಹಾಕ್ತಾರಂತಲ್ವಾ?"

ಫೋನಿನೊಳಗಿಂದ ಮಗಳೇ ಉತ್ತರ ಕೊಟ್ಟಳು. "ಬ್ರಾಂದಿ ಏನೂ ಬ್ಯಾಡಮ್ಮ. ಟೀ ಡಿಕಾಕ್ಷನ್ ಆರಿಸಿ, ನಿಂಬೆಹಣ್ಣು, ಶುಂಠಿ, ಪುದೀನ, ಐಸು. ಕೊನೇಲಿ ಸೋಡಾ ಹಾಕಿದ್ರೆ ಬುಸ್ ಅಂತ ನೊರೆ ಬತ್ತದೆ, ಅಷ್ಟೆಯ. ಅಪ್ಪಾ, ಹಾಲು ಹಾಕ್ಬ್ಯಾಡ."

"ಅಷ್ಟೂ ಗೊತ್ತಾಗಲ್ವೇನೇ ನಂಗೆ?" ಅಂದೆ. ನಿಜ ಹೇಳಬೇಕೆಂದರೆ ಅಷ್ಟು ಗೊತ್ತಿರಲಿಲ್ಲ. ಹಾಲಿಲ್ಲದ್ದನ್ನು ಟೀ ಎಂದು ಕರೆಯಲು ನನಗೆ ಮನಸ್ಸು ಒಪ್ಪಲಿಲ್ಲ. ಅವಳು ಫೋನ್ ಇಟ್ಟ ಮೇಲೆ ಗುಟ್ಟಾಗಿ ಒಂದು ಲೋಟ ಹಾಲು ಹಾಕಿಯೇ ಮಾಡಿ, ನಿಂಬೆಹಣ್ಣು ಹಿಂಡಿದೆ. ಅದು ಕಣ್ಣೆದುರಿಗೇ ಒಡೆದು ಗಟ್ಟಿ ಒಂದು ಕಡೆ, ನೀರು ಒಂದು ಕಡೆ ಆಯಿತು. ಹಸುವಿನ ಮುಂದೆ ಇಟ್ಟೆ. ಹಸು ಒಂದು ಸಲ ಮೂಸಿ, ತಲೆಯೆತ್ತಿ ನನ್ನ ಮುಖ ನೋಡಿತು. "ನನ್ನ ಹಾಲಿಗೆ ಈ ಗತಿಯೇ?" ಎಂಬಂತಿತ್ತು.

ಹಾಲು ಬಿಟ್ಟೆ. ಮುಂದಿನ ಪ್ರಶ್ನೆ ಸೋಡಾ. ನೂರ ಅರವತ್ತು ತೆಂಗಿನ ಮರ ಇಟ್ಟುಕೊಂಡವನು ಕಿಬ್ಬನಹಳ್ಳಿ ಅಂಗಡಿಯಿಂದ ಸೋಡಾ ತರುವುದೇ? ಮಾನ ಉಳಿಯುತ್ತದೆಯೇ? ಸೋಡಾದ ಜಾಗಕ್ಕೆ ನಮ್ಮದೇ ತೆಂಗಿನ ನೀರಾ ಹಾಕಬೇಕೆಂದು ತೀರ್ಮಾನಿಸಿ ಜಯಮ್ಮನಿಗೂ ಹೇಳಿದೆ. ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿ ರಸ ಅದು. ಆರೋಗ್ಯಕ್ಕೆ ಒಳ್ಳೆಯದು, ಅಮಲಿಲ್ಲ. ನೊರೆ ಬರುವುದಿಲ್ಲ ನಿಜ. ಆದರೆ ಆಯಮ್ಮನಿಗೆ ನೊರೆ ಮುಖ್ಯವೋ, ನಮ್ಮ ತೋಟ ಮುಖ್ಯವೋ?

ಸಭೆಯ ಹಿಂದಿನ ದಿನ ಬೆಳಿಗ್ಗೆ, ಪರವಾನಗಿ ಇಟ್ಟುಕೊಂಡು ನಮ್ಮ ತೋಟದಲ್ಲಿ ನೀರಾ ಇಳಿಸುವ ರಂಗಸ್ವಾಮಿಯ ಹತ್ತಿರ ಹತ್ತು ಲೀಟರಿನ ಪ್ಲಾಸ್ಟಿಕ್ ಕ್ಯಾನಿನ ತುಂಬ ತಂದೆ. ಅವನು ಐಸ್ ಪೆಟ್ಟಿಗೆಯಿಂದ ಬಗ್ಗಿಸಿಕೊಡುತ್ತಲೇ ಹೇಳಿದ:

"ಶಿವಣ್ಣ, ಇದು ಈಚೆಗೆ ಬಂದ್ರೆ ಒಂದೆರಡು ಗಂಟೆ ಅಷ್ಟೆ. ಆಮ್ಯಾಕೆ ನಾನು ಜವಾಬ್ದಾರ ಅಲ್ಲ."

"ಹುಟ್ಟಿದಾಗಿಂದ ತೆಂಗಿನ ಮರದ ಕೆಳಗೇ ಇವ್ನಿ ಕಣ್ಲಾ. ತೆಂಗಿನ ವಿಷ್ಯ ನಂಗೆ ಹೇಳ್ಕೊಡ್ತೀಯಾ?"

ರಂಗಸ್ವಾಮಿ ಐಸ್ ಪೆಟ್ಟಿಗೆಯ ಮುಚ್ಚಳ ಹಾಕಿದ. ನಾನು ಗೆದ್ದೆ.

ಮನೆಗೆ ಬಂದು ಫ್ರಿಜ್ ತೆಗೆದರೆ ಅಲ್ಲಿ ಒಂದು ನಿಂಬೆಹಣ್ಣಿಗೂ ಜಾಗವಿಲ್ಲ. ಮೇಡಂಗೆ ಹಾಕುವ ಹಾರ, ಮೊಸರಿನ ಪಾತ್ರೆ, ಕೋಸಂಬರಿಗೆ ತಂದ ಸೌತೆಕಾಯಿ, ಅಕ್ಕಪಕ್ಕದ ಮನೆಯಿಂದ ತಂದಿಟ್ಟ ಐಸಿನ ತಟ್ಟೆಗಳು. ಕ್ಯಾನು ಹಿಡಿದುಕೊಂಡು ಯೋಚಿಸುತ್ತ ನಿಂತೆ. ಆಗ ನನ್ನ ಕಣ್ಣು ಮೇಲೆ ಹೋಯಿತು.

ಅಟ್ಟ!

ನಮ್ಮ ಕಡೆ ಅಟ್ಟವೆಂದರೆ ಏನೆಂದು ಹೇಳಬೇಕು. ಬಲಿತ ಕಾಯಿಗಳನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಸುಮ್ಮನೆ ಬಿಟ್ಟುಬಿಡುತ್ತೇವೆ. ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವುದಿಲ್ಲ. ಹೆಂಚಿನ ಕಾವಿಗೆ ಒಳಗಿನ ನೀರೆಲ್ಲ ಇಂಗಿ ತಾನಾಗಿಯೇ ಉಂಡೆ ಕೊಬ್ಬರಿಯಾಗುತ್ತದೆ. ಇಡೀ ಸೀಮೆ ಬದುಕಿರುವುದೇ ಹೀಗೆ. ತೆಂಗಿನ ಮರದಿಂದ ಬಂದದ್ದನ್ನು ಅಟ್ಟದ ಮೇಲೆ ಇಟ್ಟು ಮರೆತರೆ ಅದು ಒಳ್ಳೆಯದಾಗಿಯೇ ಇಳಿಯುತ್ತದೆ ಎಂಬುದು ನನ್ನ ಮೂವತ್ತೇಳು ವರ್ಷದ ಅನುಭವ. ಕಾಯಿಯೂ ಅದೇ ಮರದ್ದು, ನೀರಾವೂ ಅದೇ ಮರದ್ದು. ಹನ್ನೊಂದು ತಿಂಗಳು ತಡೆಯುವ ಅಟ್ಟ ಒಂದು ದಿನ ತಡೆಯುವುದಿಲ್ಲವೇ? ಕ್ಯಾನಿನ ಮುಚ್ಚಳವನ್ನು ಬಲವಾಗಿ ತಿರುಗಿಸಿ, ಕಾಯಿಗಳ ನಡುವೆ ಭದ್ರವಾಗಿ ಕೂರಿಸಿ, ನೆಮ್ಮದಿಯಾಗಿ ಇಳಿದು ಬಂದೆ.

ಮಾರನೆಯ ದಿನ ಮಧ್ಯಾಹ್ನ ಅಟ್ಟ ಹತ್ತಿದೆ. ಒಲೆಯೊಳಗೆ ತಲೆ ಹಾಕಿದಂತಿತ್ತು. ಕ್ಯಾನು ನೋಡಿ ಆಶ್ಚರ್ಯವಾಯಿತು. ಇಟ್ಟಾಗ ಚೌಕವಾಗಿದ್ದದ್ದು ಈಗ ಕುಂಬಳಕಾಯಿಯಂತೆ ಗುಂಡಗಾಗಿತ್ತು! ಅಟ್ಟದ ಮೇಲೆ ಇಟ್ಟದ್ದು ಒಣಗಿ ಕಡಿಮೆಯಾಗುವುದನ್ನು ನೋಡಿದ್ದೆ. ಬೆಳೆದದ್ದನ್ನು ಇದೇ ಮೊದಲು ನೋಡಿದ್ದು. ಒಳಗೆ ಏನಾಗಿದೆಯೆಂದು ತಿಳಿಯಲು ನನಗೆ ಗೊತ್ತಿದ್ದ ವಿದ್ಯೆ ಒಂದೇ. ಕ್ಯಾನನ್ನು ಕಿವಿಯ ಹತ್ತಿರ ಎತ್ತಿ ಹಿಡಿದು, ಚೆನ್ನಾಗಿ ಅಲ್ಲಾಡಿಸಿದೆ.

ಢಂ!

ಮುಚ್ಚಳ ಹೋಗಿ ಹೆಂಚಿಗೆ ಬಡಿಯಿತು. ಹೆಂಚು ಎರಡು ಚೂರಾಗಿ ಕೆಳಗೆ ಬಿತ್ತು. ಹತ್ತು ಲೀಟರಿನಲ್ಲಿ ಎರಡು ಲೀಟರು ನನ್ನ ತಲೆಯ ಮೇಲಿಂದ ಇಳಿದು, ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಸೇರಿತು.

"ಏನ್ರೀ ಅದು ಸದ್ದು?" ಕೆಳಗಿನಿಂದ ಜಯಮ್ಮ.

"ಏನಿಲ್ಲ ಕಣೇ, ಕಾಯಿ ಜಾರ್ತು."

ಉಳಿದದ್ದನ್ನು ನೋಡಿದೆ. ಬಿಳಿ ನೊರೆ, ಬುಸ್ ಎಂಬ ಶಬ್ದ, ಮೇಲೇಳುವ ಗುಳ್ಳೆ. ವಿಡಿಯೋದಲ್ಲಿ ಇದ್ದದ್ದೂ ಇದೇ! ಅಂಗಡಿಯಲ್ಲಿ ಯಂತ್ರದಿಂದ ಮಾಡುವ ಸೋಡಾವನ್ನು ನಮ್ಮ ಅಟ್ಟ ಪುಕ್ಕಟೆಯಾಗಿ ಮಾಡಿಕೊಟ್ಟಿತ್ತು. ಒಂದು ಗುಟುಕು ಕುಡಿದೆ. ಸ್ವಲ್ಪ ಹುಳಿ. ನಿಂಬೆಹಣ್ಣು ಉಳಿಯಿತು ಅಂದುಕೊಂಡೆ. ಒಂದು ತರಹದ ವಾಸನೆ. ಶುಂಠಿ, ಪುದೀನ ಇದ್ದೇ ಇದೆಯಲ್ಲ ಅಂದುಕೊಂಡೆ. ಇನ್ನೊಂದು ಲೋಟ ಕುಡಿದೆ. ಮನಸ್ಸಿಗೆ ಏನೋ ಒಂದು ಉಲ್ಲಾಸ. ಕೆಲಸ ಕೈಗೂಡಿದಾಗ ಹೀಗೇ ಆಗುತ್ತದೆ ಅಂದುಕೊಂಡೆ.

ಇಲ್ಲಿ ಒಂದು ಮಾತನ್ನು ವಿನಯದಿಂದ ಹೇಳಬೇಕು. ನಾನು ಜೀವಮಾನದಲ್ಲಿ ಒಂದು ತೊಟ್ಟೂ ಮದ್ಯ ಕುಡಿದವನಲ್ಲ. ನನ್ನ ಸರ್ವನಾಶಕ್ಕೆ ಕಾರಣವಾದದ್ದು ನನ್ನ ಈ ಸದ್ಗುಣ. ನಾನು ಕುಡುಕನಾಗಿದ್ದರೆ ಮೊದಲನೇ ಗುಟುಕಿಗೇ ಗೊತ್ತಾಗುತ್ತಿತ್ತು!

ಸಭೆ ಮೂರು ಗಂಟೆಗೆ. ಮೇಡಂ ಬಂದರು, ಗಂಭೀರವಾದ ಹೆಂಗಸು, ಹೆಚ್ಚು ಮಾತಿಲ್ಲ, ಕೈಯಲ್ಲಿ ಒಂದು ಫೈಲು. ಹೊರಗೆ ಬೆಂಕಿಯಂಥ ಬಿಸಿಲು. ನಾನು ಅಂಗಿ ಬದಲಾಯಿಸಿಕೊಂಡು, ತಟ್ಟೆಯಲ್ಲಿ ಉದ್ದನೆಯ ಲೋಟಗಳನ್ನು ಜೋಡಿಸಿಕೊಂಡು ಹೋದೆ. ಐಸು, ಪುದೀನ, ನೊರೆ, ಎಲ್ಲವೂ ವಿಡಿಯೋದಲ್ಲಿ ಇದ್ದ ಹಾಗೇ. ಜಯಮ್ಮ ನನ್ನ ಕಡೆ ನೋಡಿದ ನೋಟದಲ್ಲಿ, ಮದುವೆಯಾದ ಮೇಲೆ ಮೊದಲ ಬಾರಿಗೆ, ಸ್ವಲ್ಪ ಗೌರವ ಕಂಡಿತು. ಹೋಳಿಗೆ ಬೇಯಿಸುವ ಓಡಾಟದಲ್ಲಿ ಅವಳು ಮಾತ್ರ ಕುಡಿಯಲಿಲ್ಲ.

ಮೇಡಂ ಒಂದೇ ಸಲಕ್ಕೆ ಲೋಟ ಖಾಲಿ ಮಾಡಿದರು. "ತುಂಬ ಚೆನ್ನಾಗಿದೆ ಕಣ್ರೀ. ಏನು ಹಾಕಿದೀರಾ?"

"ಎಲ್ಲ ನಮ್ಮ ತೋಟದ್ದೇ ಮೇಡಂ!"

"ಇನ್ನೊಂದು ಕೊಡಿ."

ಇಪ್ಪತ್ತು ಹೆಂಗಸರೂ ಇನ್ನೊಂದು ಕೇಳಿದರು. ಆಮೇಲೆ ಮತ್ತೊಂದು. ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಕಾರ್ಯದರ್ಶಿ ಗಿರಿಜಮ್ಮ ಹೋದ ಸಭೆಯ ವರದಿ ಓದಲು ನಿಂತರು. ಗಿರಿಜಮ್ಮ ನಕ್ಕದ್ದನ್ನು ಊರಿನಲ್ಲಿ ಯಾರೂ ಕಂಡವರಿಲ್ಲ. ಮೊದಲನೇ ಪುಟ ಓದಿದರು. ಹಾಳೆ ತಿರುಗಿಸಿ, ಮತ್ತೆ ಮೊದಲನೇ ಪುಟವನ್ನೇ ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಿರಿಜಮ್ಮ ನಗುನಗುತ್ತ ಮೂರನೇ ಸಲ ಅದನ್ನೇ ಓದಿದರು. ಚಪ್ಪಾಳೆ ಇನ್ನೂ ಜೋರಾಯಿತು. ಮೂಲೆಯಲ್ಲಿ ಯಾರೋ ಸೋಬಾನೆ ಪದ ಎತ್ತಿದರು. ಮೇಡಂ ಎದ್ದು ನಿಂತು ಭಾಷಣ ಶುರು ಮಾಡಿ, ನಮ್ಮೂರು ತಾಲ್ಲೂಕಿಗೇ ಮಾದರಿ ಅಂದರು. ಎರಡು ನಿಮಿಷದ ಮೇಲೆ ರಾಜ್ಯಕ್ಕೇ ಮಾದರಿ ಅಂದರು. ಪ್ರಪಂಚಕ್ಕೆ ಬರುವಷ್ಟರಲ್ಲಿ ಗೋಡೆ ಹಿಡಿದುಕೊಂಡಿದ್ದರು.

ಜಯಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ಒಬ್ಬೊಬ್ಬರನ್ನೇ ನೋಡತೊಡಗಿದಳು. ಸಂಘದಲ್ಲಿ ಎಲ್ಲರಿಗಿಂತ ಹಿರಿಯಳಾದ ಪುಟ್ಟಜ್ಜಿ ಆಗ ನನ್ನನ್ನು ಕರೆಯಿತು.

"ಲೇ ಶಿವಣ್ಣ, ಯಾಕೋ ನಮ್ ಯಜಮಾನ್ರು ಜ್ಞಾಪಕಕ್ಕೆ ಬತ್ತಾವ್ರೆ ಕಣ್ಲಾ."

"ಪಾಪ. ಅವ್ರು ಹೋಗಿ ಇಪ್ಪತ್ತು ವರ್ಷ ಆಯ್ತಲ್ಲಜ್ಜಿ."

"ಊಂ. ಸಂಜೆ ಮನೇಗ್ ಬಂದಾಗ ಅವ್ರ ಬಾಯಿಂದ ಹಿಂಗೇ ವಾಸ್ನೆ ಬರೋದು." ಅಜ್ಜಿ ಲೋಟವನ್ನು ಮತ್ತೊಮ್ಮೆ ಮೂಸಿತು. "ಅಯ್ಯೋ ನಿನ್ ಮನೆ ಕಾಯ್ವೋಗ! ಇದು ಹೆಂಡ ಕಣ್ಲಾ!"

ಸೋಬಾನೆ ನಿಂತಿತು. ಪ್ರಪಂಚಕ್ಕೆ ಮಾದರಿಯಾದ ಊರು ಪೂರ್ತಿ ಸ್ತಬ್ಧವಾಯಿತು. ಇಪ್ಪತ್ತು ಜೊತೆ ಕಣ್ಣುಗಳು, ಸ್ವಲ್ಪ ಆಚೀಚೆ ತೂಗುತ್ತ, ನನ್ನ ಮೇಲೆ ನಿಂತವು.

ಜಯಮ್ಮ ಬಂದು ನನ್ನ ಕೈಯಲ್ಲಿದ್ದ ಲೋಟ ಕಿತ್ತುಕೊಂಡು ಮೂಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ. ತಮ್ಮನ ಸಾವಿನ ಸುದ್ದಿ ಬಂದ ದಿನ ಅವಳ ಮುಖ ಹೀಗೇ ಇತ್ತು.

"ನೀರಾನ ಎಲ್ಲಿಟ್ಟಿದ್ರಿ?" ಮೆಲ್ಲಗೆ ಕೇಳಿದಳು.

"ಅಟ್ಟದ ಮ್ಯಾಲೆ..."

"ಎಷ್ಟೊತ್ತು?"

"ನೆನ್ನೆ ಬೆಳಿಗ್ಗೆಯಿಂದ. ಕೊಬ್ಬರಿ ಥರ ಒಳ್ಳೇದಾಗ್ತದೆ ಅಂತ..."

ಅವಳು ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಭೆಯ ಕಡೆ ತಿರುಗಿದಳು. ಮುಚ್ಚಿಡಬಹುದಿತ್ತು; ಟೀ ಹಳಸಿದೆ ಎಂದು ಹೇಳಿ ಮುಗಿಸಬಹುದಿತ್ತು. ಜಯಮ್ಮ ಆ ಪೈಕಿಯವಳಲ್ಲ.

"ಮೇಡಂ, ನಾವು ಊರಿಂದ ಓಡ್ಸಿದ್ದನ್ನ ನಮ್ಮನೆಯೋರು ನಮ್ಮ ಅಟ್ಟದಿಂದ್ಲೇ ಇಳ್ಸವ್ರೆ. ಬೇಕೂಂತ ಮಾಡಿಲ್ಲ, ಬುದ್ಧಿ ಇಲ್ದೆ ಮಾಡವ್ರೆ. ಆದ್ರೂ ನಿಯಮ ನಿಯಮವೇ. ಗಿರಿಜಕ್ಕ, ನಾಕನೇದು ಓದಿ."

ಗಿರಿಜಮ್ಮ ನಿಯಮದ ಪುಸ್ತಕ ತೆಗೆದು ಓದಿದರು. ಈ ಸಲ ಸರಿಯಾದ ಪುಟ ಒಂದೇ ಸಲಕ್ಕೆ ಸಿಕ್ಕಿತು. "...ಮೂವತ್ತು ದಿನ ಶಾಲೆಯ ಅಂಗಳ ಗುಡಿಸತಕ್ಕದ್ದು. ಅಧ್ಯಕ್ಷೆಯ ಗಂಡನಾದರೂ ಬಿಡತಕ್ಕದ್ದಲ್ಲ."

ಚಪ್ಪಾಳೆಯೋ ಚಪ್ಪಾಳೆ! ಮೇಡಂ ಗೋಡೆ ಬಿಟ್ಟು ಎರಡೂ ಕೈಯಿಂದ ತಟ್ಟಿದರು. ಅಷ್ಟು ದುಂಡಗೆ, ಅಷ್ಟು ಸ್ಪಷ್ಟವಾಗಿ ನಾನು ಬರೆಯಬಾರದಿತ್ತು.

ಮೇಡಂ ನಮ್ಮ ಹಜಾರದ ಚಾಪೆಯ ಮೇಲೆ ಸ್ವಲ್ಪ ಹೊತ್ತು ಮಲಗಿ ಎದ್ದು, ಎರಡು ಚೊಂಬು ಮಜ್ಜಿಗೆ ಕುಡಿದು, ಫೈಲು ತೆಗೆದು ಬರೆದರು. ಏನು ಬರೆದಿರಿ ಎಂದು ಜಯಮ್ಮ ಹೆದರುತ್ತಲೇ ಕೇಳಿದಳು.

"ಸ್ವಂತ ಗಂಡನ್ನೂ ಬಿಡದ ಸಂಘಕ್ಕೆ ಕೊಠಡಿ ಕೊಡದೆ ಇನ್ಯಾರಿಗೆ ಕೊಡೋದು ಅಂತ ಬರೆದೀನಮ್ಮ."

ಅವರ ಕಾರಿನ ಡ್ರೈವರ್‌ಗೆ ಐಸ್ ಟೀ ಕೊಡುವುದನ್ನು ನಾನು ಮರೆತಿದ್ದೆ. ಆ ದಿನ ನನ್ನಿಂದ ಆದ ಒಂದೇ ಒಳ್ಳೆಯ ಕೆಲಸ ಅದು.

ಬೇಸಿಗೆ ರಜೆ ಮುಗಿದು ಶಾಲೆಯ ಬಾಗಿಲು ತೆಗೆದ ದಿನದಿಂದ ನಾನು ಪೊರಕೆ ಹಿಡಿದು ಹೋದೆ. ಹೆಡ್ಮಾಸ್ಟರು ನನ್ನ ಹೆಸರಿನ ಮುಂದೆ ದಿನವೂ ಒಂದು ಗುರುತು ಹಾಕುತ್ತಿದ್ದರು. ಮೊದಲನೇ ದಿನ ಮಾತ್ರ, "ಶಿವಣ್ಣ, ಆ ಏಳನೇ ಕ್ಲಾಸ್ ಪರೀಕ್ಷೆ ಬಾಕಿ ಇತ್ತಲ್ವಾ?" ಅಂದರು. ಶಿಕ್ಷೆ ಮುಗಿದದ್ದು ನಿನ್ನೆ. ಸಂಜೆ ಜಯಮ್ಮ ನಿಯಮದ ಪುಸ್ತಕವನ್ನು ನನ್ನ ಮುಂದೆ ಇಟ್ಟು ಹನ್ನೆರಡನೇ ನಿಯಮ ಹೇಳಿದಳು, ನಾನು ಬರೆದುಕೊಟ್ಟೆ: "ಸಂಘದ ಸಭೆಗಳಲ್ಲಿ ಪಾನೀಯವನ್ನು ಹೆಂಗಸರೇ ಮಾಡತಕ್ಕದ್ದು." ಈ ಸಲ ನನ್ನದೊಂದು ಸಾಲು ಸೇರಿಸಲಿಲ್ಲ.

ಹಾಗಾಗಿ ಈ ಹೊತ್ತಿಗೆ ನನ್ನ ಹತ್ತಿರ ಇರುವುದು ಇಷ್ಟು: ತೆಂಗಿನ ಮರ ನೂರ ಅರವತ್ತು. ಹಸು ಎರಡು. ನನ್ನನ್ನು ಇನ್ನೂ ಮನೆಯೊಳಗೆ ಬಿಟ್ಟುಕೊಳ್ಳುವ ಹೆಂಡತಿ ಒಬ್ಬಳು. ಅಟ್ಟದ ತುಂಬ ಕಾಯಿ, ಅದರಲ್ಲಿ ಹೆಂಡದ ವಾಸನೆಯವು ಸುಮಾರು ಮುನ್ನೂರು. ಒಡೆದ ಹೆಂಚು ಒಂದು. ನಮ್ಮದೇ ಮರದ ಗರಿಕಡ್ಡಿಯ ಪೊರಕೆ ಒಂದು, ಅರ್ಧ ಸವೆದದ್ದು. ಶಾಲೆಯ ಹಾಜರಾತಿ, ಮೂವತ್ತಕ್ಕೆ ಮೂವತ್ತು.

ಓದುವ ಕಾಲದಲ್ಲಿ ತಿಂಗಳಿಗೆ ಹದಿನೈದು ದಾಟಿರಲಿಲ್ಲ.