ಮನಿ ನೋಡಾಕ ಬಂದವರು ಮೆಚ್ಚಿದ್ದೇ ಬ್ಯಾರೆ

ಮನೆ ಕೊಳ್ಳಲು ಬಂದವರು ನಾನು ಹೊಗಳಿದ್ದನ್ನು ಮೆಚ್ಚುವುದಿಲ್ಲ. ನಾನು ಮುಚ್ಚಿಟ್ಟದ್ದನ್ನೇ ಹುಡುಕಿ ತೆಗೆದು ಬೇಕೆಂದು ಕೂಡುತ್ತಾರೆ. ಒಂದು ಸಲ ಹಾಗಾಗಿದ್ದರೆ ಏನೋ ಆಯಿತು ಎನ್ನಬಹುದಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿಯ ಓಣಿಗಳಲ್ಲಿ ಮನೆ ತೋರಿಸುತ್ತ ಚಪ್ಪಲಿ ಸವೆಸಿದ ನನಗೆ ಇದೇ ರೂಢಿಯಾಗಿಬಿಟ್ಟಿತ್ತು.

ಮೊದಲು ನಾನು ಎತ್ತಿನ ದಲಾಲ. ಎತ್ತಿನ ವ್ಯಾಪಾರ ಸುಲಭ. ಬಾಯಿ ತೆರೆಸಿ ಹಲ್ಲು ನೋಡುತ್ತಾರೆ, ಬೆನ್ನು ಸವರುತ್ತಾರೆ, ಸ್ವಲ್ಪ ದೂರ ನಡೆಸುತ್ತಾರೆ, ಮುಗಿಯಿತು. ಆಮೇಲೆ ಮೊಣಕಾಲು ನೋವು ಬಂದು, ಸಂತೆಯಿಂದ ಸಂತೆಗೆ ಅಲೆಯುವುದು ಬಿಟ್ಟು ಮನೆಗಳ ದಲಾಲಿಗೆ ಇಳಿದೆ. ಮನೆಗೆ ಹಲ್ಲಿಲ್ಲ. ಹೀಗಾಗಿ ಕೊಳ್ಳುವವನ ಮನಸ್ಸು ಎಲ್ಲಿ ಹೋಗಿ ಕೂಡುತ್ತದೆ ಎನ್ನುವುದು ಶಿವನಿಗೂ ತಿಳಿಯದು. ಒಮ್ಮೆ ಕೂತಿತೋ, ಹಗ್ಗ ಹಾಕಿ ಎಳೆದರೂ ಏಳುವುದಿಲ್ಲ.

ಗಿಡ್ಡ ಬಾಗಿಲು

ಗೋಕಾಕದಲ್ಲಿ ಒಂದು ಹಳೆಯ ಮನೆ ಇತ್ತು. ಕಲ್ಲಿನ ಗೋಡೆ, ಗಟ್ಟಿ ಮಾಳಿಗೆ, ಎಲ್ಲ ಚಲೋ. ತಲೆಬಾಗಿಲು ಮಾತ್ರ ಬಹಳ ಗಿಡ್ಡ. ನೋಡಲು ಬಂದವರೆಲ್ಲ ಹಣೆ ಬಡಿಸಿಕೊಂಡು, ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು.

ಒಂದು ದಿನ ಪೆನ್ಶನ್ ಆದ ಪೊಲೀಸ್ ಫೌಜದಾರರೊಬ್ಬರು ಬಂದರು. ಆರಡಿ ಆಳು, ನೆಟ್ಟಗಿನ ಬೆನ್ನು, ತಲೆಯ ಮೇಲೆ ಜರಿಯ ರುಮಾಲು. ಈ ರುಮಾಲು ಆ ಬಾಗಿಲಿಗೆ ಬಡಿದರೆ ಕೆಲಸ ಕೆಟ್ಟಿತು ಎಂದು ನಾನು ಅವರನ್ನು ಹಿತ್ತಲ ಬಾಗಿಲಿನಿಂದ ಕರೆತಂದು, ಪಡಸಾಲೆಯ ನಡುವೆ ಕುರ್ಚಿ ಹಾಕಿ ಕೂಡಿಸಿದೆ. ಮನೆಯ ಮಾಲೀಕರಿಗೆ ಬರಲು ಹೇಳಿಕಳಿಸಿದೆ.

ಮಾಲೀಕರು ತಲೆಬಾಗಿಲಿನಿಂದಲೇ ಬಂದರು. ಬರುವಾಗ ಸೊಂಟದವರೆಗೆ ಬಗ್ಗಿದರು. ಫೌಜದಾರರು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾದರು. ಮಾಲೀಕರ ಹಿಂದೆ ಅವರ ತಮ್ಮ ಬಂದ, ಅವನೂ ಬಗ್ಗಿದ. ಚಹಾ ತಂದವನು ಕೈಯಲ್ಲಿ ಕಪ್ಪು ಹಿಡಿದುಕೊಂಡು ಇನ್ನೂ ಕೆಳಗೆ ಬಗ್ಗಿದ. ಫೌಜದಾರರು ಮೀಸೆಯ ಮೇಲೆ ಕೈಯಾಡಿಸಿದರು.

"ದಲಾಲರ, ಈ ಬಾಗಿಲ ಯಾವಾಗಲೂ ಹಿಂಗ ಐತೇನ್ರಿ?"

ಮುಚ್ಚಿಟ್ಟು ಉಪಯೋಗವಿರಲಿಲ್ಲ. "ಹೌದ್ರಿ ಸಾಹೇಬ್ರ. ಬ್ಯಾಡ ಅಂದ್ರ ಬಡಿಗ್ಯಾನ್ನ ಕರಸಿ ಎತ್ತರ ಮಾಡಸ್ತೇನ್ರಿ" ಎಂದೆ.

"ಮುಟ್ಟಬ್ಯಾಡ್ರಿ ಅದನ್ನ. ಪೆನ್ಶನ್ ಆದಾಗಿಂದ ನನಗ ಒಬ್ರೂ ಸಲಾಂ ಹೊಡದಿಲ್ಲ. ಮನಿ ನಂದ."

ಅವರ ಹೆಂಡತಿ ಬೇಡವೆಂದರು, ಅಳಿಯ ಬೇಡವೆಂದ. ಫೌಜದಾರರು ಜಗ್ಗಲಿಲ್ಲ. ಕೆಲವು ತಿಂಗಳ ಮೇಲೆ ಪೇಟೆಯಲ್ಲಿ ಸಿಕ್ಕರು. ಹಣೆಗೆ ದಪ್ಪನೆಯ ಬಟ್ಟೆ ಕಟ್ಟಿಕೊಂಡಿದ್ದರು.

"ಮನಿ ಹೆಂಗೈತ್ರಿ ಸಾಹೇಬ್ರ?"

"ಭಾಳ ಚಲೋ. ಬಂದವರೆಲ್ಲಾ ಬಗ್ಗತಾರ."

"ಮತ್ತ ಹಣಿಗೆ ಏನಾತ್ರಿ?"

"ಅಲ್ರಿ, ನನ್ನ ಮನಿ ಬಾಗಿಲಕ್ಕ ನಾ ಯಾಕ ಬಗ್ಗಲಿ?"

ಬೀಸುಕಲ್ಲಿನ ಮುಂದಿನ ಕಿಡಕಿ

ಮಸಗುಪ್ಪಿಯ ಕಾಳಿನ ವ್ಯಾಪಾರಿಯೊಬ್ಬ ಮೂಡಲಗಿಯಲ್ಲಿ ಮನೆ ಹುಡುಕುತ್ತಿದ್ದ. ಎಲ್ಲವನ್ನೂ ಅಳೆದು ತೂಗುವ ಮನುಷ್ಯ. ಪ್ರತಿ ತೊಲೆಯನ್ನೂ ಬೆರಳಿನಿಂದ ಬಾರಿಸಿ ಕೇಳಿದ, ಗೋಡೆಯ ಮಣ್ಣು ಕೆರೆದು ಮೂಸಿದ. ಕೊನೆಗೆ ತಲೆ ಅಲ್ಲಾಡಿಸಿ, "ಈ ಮನಿ ಬ್ಯಾಡ್ರಿ. ಅಡಗಿಮನಿ ಸಣ್ಣದು, ಮಾಳಿಗಿ ಹಳೇದು" ಎಂದ.

ಹೋಗೋಣವೆಂದರೆ ಅವನ ಹೆಂಡತಿ ಕಾಣಿಸಲಿಲ್ಲ. ಒಳಗೆ ಹೋಗಿ ನೋಡಿದರೆ ಆಕೆ ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತು ಮನೆಯೊಡತಿಯ ಜೋಳ ಬೀಸುತ್ತಿದ್ದಾಳೆ. ಕಲ್ಲಿನ ಎದುರಿಗೆ ಮೊರದಷ್ಟು ಅಗಲದ ಒಂದು ಕಿಡಕಿ. ಅದರಿಂದ ಓಣಿಯ ಬಾವಿ ಕಾಣುತ್ತದೆ. ಬಾವಿಯ ಸುತ್ತ ನೀರಿಗೆ ಬಂದ ಹೆಣ್ಣುಮಕ್ಕಳು.

"ಏಳ, ಹೋಗೂನು" ಎಂದ ಗಂಡ.

ಆಕೆ ಕಿಡಕಿಯಿಂದ ಕಣ್ಣು ಕೀಳಲಿಲ್ಲ. "ಸ್ವಲ್ಪ ತಡೀರಿ. ಆ ಹಸರ ಸೀರಿಯಾಕಿ ಅತ್ತಿ ಕೂಡ ಸಿಟ್ಟಾಗಿ ತವರಿಗೆ ಹೊಂಟಾಳ. ಹೋಗ್ತಾಳೋ ಇಲ್ಲೋ ನೋಡಬೇಕು."

ನಾನು ಮನೆಯೊಡತಿಯ ಮುಖ ನೋಡಿದೆ. ಆ ಮನೆಯಲ್ಲೇ ಸಂಸಾರ ಮಾಡಿದ ಆಕೆಗೇ ಈ ಸುದ್ದಿ ಹೊಸದು. ಆಕೆಯೂ ಬಂದು ಕಲ್ಲಿನ ಇನ್ನೊಂದು ಬದಿಗೆ ಕೂತಳು.

"ಮನಿ ನನಗ ಮನಸ್ಸಿಗೆ ಬಂದಿಲ್ಲ" ಎಂದ ವ್ಯಾಪಾರಿ.

"ನಿಮಗ ಮನಸ್ಸಿಗೆ ಬಂದ ಮನಿ ನೀವು ತಗೋರಿ. ನಾ ಇಲ್ಲೇ ಇರ್ತೇನಿ" ಎಂದಳು ಹೆಂಡತಿ, ಕಲ್ಲಿಗೆ ಇನ್ನೊಂದು ಹಿಡಿ ಜೋಳ ಹಾಕುತ್ತ.

ಅವನು ಸಿಟ್ಟು ಮಾಡಿದ, ರಮಿಸಿದ, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಒಳಗೆ ಕಲ್ಲು ತಿರುಗುತ್ತಲೇ ಇತ್ತು. ಕಡೆಗೆ ಅದೇ ಮನೆ ತೆಗೆದುಕೊಂಡ.

ಸುಗ್ಗಿಗೆ ಮುಂಚೆ ಅವನು ನನ್ನ ಮನೆಗೆ ಒಂದು ಚೀಲ ಹೊತ್ತುಕೊಂಡು ಬಂದ. "ದಲಾಲರ, ದಯಮಾಡಿ ಈ ಹಿಟ್ಟ ಇಟಗೋರಿ."

"ಯಾಕ್ರಿ, ಏನಾತು?"

"ಮನ್ಯಾಗಿನ ಜೋಳೆಲ್ಲಾ ಬೀಸಿ ಮುಗಿಸ್ಯಾಳ್ರಿ. ಈಗ ಅಂಗಡ್ಯಾಗಿಂದಕ್ಕ ಕೈ ಹಚ್ಯಾಳ. ಜೋಳ ಮುಗೀತಾವ, ಬಾವಿಕಟ್ಟಿ ಸುದ್ದಿ ಮುಗಿವಲ್ದು."

ಟಗರು ಮೆಚ್ಚಿದ ಮನೆ

ಘೋಡಗೇರಿಯ ಕಡೆಯ ಕುರುಬರ ಹಿರಿಯನೊಬ್ಬ ಹುಕ್ಕೇರಿಯಲ್ಲಿ ಮನೆ ಬೇಕೆಂದು ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಕರುವಿನಷ್ಟು ಎತ್ತರದ ಟಗರು.

"ಇದನ್ಯಾಕ ತಂದ್ರಿ ಕಾಕಾ?"

"ನಾ ಹೊಲದಾಗ ಇರಾವ. ಮನ್ಯಾಗ ಇರಾವ ಇವನ. ಇವ ನೋಡಬ್ಯಾಡೇನ?"

ನಾನು ತೋರಿಸಿದ ಮನೆಗಳ ಹೊಸ್ತಿಲಲ್ಲೆಲ್ಲ ಟಗರು ಕಾಲೂರಿ ನಿಂತುಬಿಟ್ಟಿತು. ಅದು ಒಳಗೆ ಹೋಗದಿದ್ದರೆ ಹಿರಿಯನೂ ಹೋಗುವುದಿಲ್ಲ. ಬಿಸಿಲಲ್ಲಿ ನನ್ನ ನಾಲಿಗೆ ಒಣಗಿತು. ವಾಪಸು ಬರುವಾಗ ದಾರಿಯಲ್ಲಿ ಒಂದು ಮನೆಯ ಬಾಗಿಲು ತೆರೆದಿತ್ತು. ಟಗರು ಹಗ್ಗ ಕಿತ್ತುಕೊಂಡು ಒಳಗೆ ನುಗ್ಗಿತು. ಅಲ್ಲಿ ಬಾಡಿಗೆಗಿದ್ದ ಸಾಲಿ ಮಾಸ್ತರರು ಊಟಕ್ಕೆ ಕೂತಿದ್ದರು. ಅವರು ತಾಟು ಎತ್ತಿಕೊಂಡು ಮೂಲೆಗೆ ಸರಿದರು. ಟಗರು ಪಡಸಾಲೆಯ ತಂಪು ನೆಲದ ಮೇಲೆ ಮೈಚಾಚಿ ಕಣ್ಣು ಮುಚ್ಚಿತು. ಹಿರಿಯನೂ ಅದರ ಪಕ್ಕ ಕಂಬಳಿ ಹಾಸಿ ಕೂತ.

"ಇದ ಮನಿ."

"ಕಾಕಾ, ಇದು ಮಾರೂ ಮನಿ ಅಲ್ಲ."

"ಮಾರೂ ಮಟಾ ಕೂಡ್ತೇವಿ."

ಮಾಸ್ತರರು ಹಾಗೆಯೇ ನಿಂತು ಊಟ ಮುಗಿಸಿದರು. ನಾನು ಓಡಿಹೋಗಿ ಮನೆಯ ಮಾಲೀಕರನ್ನು ಕರೆತಂದೆ. ಅವರು ಟಗರಿನ ಕೋಡು ನೋಡಿದರು, ಹಿರಿಯನ ಮುಖ ನೋಡಿದರು, ಸಂಜೆಯೊಳಗೆ ಮಾರಲು ಒಪ್ಪಿದರು. ಮಾಸ್ತರರಿಗೆ ಬಾಜೂ ಓಣಿಯಲ್ಲಿ ಇದಕ್ಕಿಂತ ದೊಡ್ಡ ಮನೆಯನ್ನೇ ಹಿಡಿದುಕೊಟ್ಟೆ.

ಖರೇದಿಯ ದಿನ ಕಚೇರಿಯಲ್ಲಿ ಗುಮಾಸ್ತರು ಶಾಯಿ ಮುಂದಿಟ್ಟು ಹೆಬ್ಬೆಟ್ಟು ಒತ್ತಲು ಹೇಳಿದರು. ಹಿರಿಯ ಕೈ ಹಿಂದಕ್ಕೆ ಎಳೆದುಕೊಂಡ.

"ಮನಿ ಮೆಚ್ಚಿದಾವ ಹೊರಗ ನಿಂತಾನ್ರಿ. ಮೊದಲ ಅವನ ಕಾಲಿಗೆ ಶಾಯಿ ಹಚ್ಚರಿ."

ಬಾಜೂ ಮನಿಯಾಕಿ

ಇದೂ ಹುಕ್ಕೇರಿಯದೇ. ಸಾಗವಾನಿ ತೊಲೆಗಳ ಮನೆ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ಆದರೂ ಯಾರೂ ಕೊಳ್ಳಲಿಲ್ಲ. ಕಾರಣ ಪಕ್ಕದ ಮನೆಯ ಮುದುಕಿ. ಎರಡು ಹಿತ್ತಲುಗಳ ನಡುವೆ ಇದ್ದದ್ದು ಸೊಂಟದೆತ್ತರದ ಗೋಡೆ. ಯಾರೇ ಮನೆ ನೋಡಲು ಬಂದರೂ ಆಕೆ ಗೋಡೆಗೆ ಬಂದು ನಿಂತು ಬಯ್ಯಲು ಶುರು ಮಾಡುತ್ತಿದ್ದಳು. ಕೊಳ್ಳಲು ಬಂದವರು ಬಾವಿಯ ನೀರೂ ಕುಡಿಯದೆ ಹೋಗುತ್ತಿದ್ದರು.

ಈ ಮನೆ ಮಾರಿಯೇ ತೀರಬೇಕೆಂದು ನಾನೂ ಹಠ ಹಿಡಿದೆ. ಒಬ್ಬ ಬಟ್ಟೆ ಅಂಗಡಿಯವನು ತನ್ನ ತಾಯಿಯನ್ನು ಕರೆದುಕೊಂಡು ನೋಡಲು ಬರುವವನಿದ್ದ. ಅವತ್ತು ಬೆಳಗ್ಗೆಯೇ ನಾನು ಚಕ್ಕಡಿ ಕಟ್ಟಿಸಿ, "ಆಯಿ, ನಿಡಸೋಸಿ ಮಠಕ್ಕ ಹೋಗಿ ದರ್ಶನಾ ಮಾಡಕೊಂಡ ಬರ್ರಿ" ಎಂದು ಮುದುಕಿಯನ್ನು ಹತ್ತಿಸಿ ಕಳಿಸಿದೆ. ಚಕ್ಕಡಿ ಊರು ದಾಟಿದ್ದನ್ನು ಕಣ್ಣಾರೆ ನೋಡಿ ಬಂದೆ.

ತಾಯಿ-ಮಗ ಬಂದರು. ತಾಯಿ ಬಡಕಲಾಗಿದ್ದಳು, ಮಗನ ತೋಳು ಹಿಡಿದೇ ನಡೆಯುತ್ತಿದ್ದಳು. ಏನು ತೋರಿಸಿದರೂ ಮಾತಿಲ್ಲ. "ಒಂದ ವರ್ಷ ಆತ್ರಿ, ಅವ್ವ ಹೊಟ್ಟಿ ತುಂಬ ಉಣ್ಣೂದ ಬಿಟ್ಟಾಳ. ವೈದ್ಯರೆಲ್ಲಾ ಆದ್ರು" ಎಂದು ಮಗ ಮೆಲ್ಲಗೆ ಹೇಳಿದ. ನನಗೆ ಪಾಪ ಎನಿಸಿತು. ಬಾವಿ ತೋರಿಸಲು ಹಿತ್ತಲಿಗೆ ಕರೆತಂದೆ.

"ಯಾರ ಅವರು, ನನ್ನ ಹಿತ್ತಲದಾಗ ಹಣಕಿ ಹಾಕೂದು?"

ನಾನು ತಿರುಗಿ ನೋಡಿದೆ. ಗೋಡೆಯ ಆಚೆ ಮುದುಕಿ ನಿಂತಿದ್ದಳು. ಚಕ್ಕಡಿಯವನ ಜೊತೆ ದಾರಿಯಲ್ಲೇ ಜಗಳವಾಡಿ, ಇಳಿದು, ನಡೆದುಕೊಂಡು ವಾಪಸು ಬಂದಿದ್ದಳು.

ಇಷ್ಟು ಹೊತ್ತು ಸುಮ್ಮನಿದ್ದ ತಾಯಿ ಮಗನ ತೋಳು ಬಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ಗೋಡೆಗೆ ಹೋದಳು.

"ಹಣಕಿ ಹಾಕಾಕ ನಿನ್ನ ಹಿತ್ತಲದಾಗ ಏನೈತಿ? ಒಂದ ಒಣಗಿದ ನುಗ್ಗಿ ಗಿಡ."

"ಅದು ಒಣಗೈತಿ ಅಂತೀ? ನಿನ್ನ ಕಣ್ಣಾಗ ಏನ ಬೂದಿ ಬಿದ್ದೈತಿ?"

"ನನ್ನ ಕಣ್ಣ ಚಲೋ ಅದಾವ. ನಿನ್ನ ತಲಿ ಬಾಚಿಲ್ಲ ಅನ್ನೂದೂ ಕಾಣಸ್ತೈತಿ."

ನುಗ್ಗೆಗಿಡದಿಂದ ಮಾತು ಅಡಿಗೆಗೆ ಹೋಯಿತು, ಅಡಿಗೆಯಿಂದ ಸೊಸೆಯಂದಿರಿಗೆ, ಅಲ್ಲಿಂದ ಇಬ್ಬರ ತವರುಮನೆಗಳಿಗೆ. ಮಗ ಮುಖ ಕೆಂಪಗೆ ಮಾಡಿಕೊಂಡು, "ಬ್ಯಾಡ್ರಿ ದಲಾಲರ, ಈ ಮನಿ ಬ್ಯಾಡ" ಎಂದು ನನ್ನ ಕೈ ಹಿಡಿದು ಎಳೆದ. ಅಷ್ಟರಲ್ಲಿ ತಾಯಿ ತಿರುಗಿ ಬಂದಳು. ಮುಖಕ್ಕೆ ರಕ್ತ ಏರಿತ್ತು, ಕಣ್ಣು ಹೊಳೆಯುತ್ತಿದ್ದವು.

"ಏನರ ತಿನ್ನಾಕ ಐತೇನ? ಹಸಿವಿ ಆಗೈತಿ" ಎಂದಳು.

ಮಗ ಅಲ್ಲೇ ಬಾವಿಕಟ್ಟೆಯ ಮೇಲೆ ಕೂತುಬಿಟ್ಟ. ಆಮೇಲೆ ಅವನೇ ಹೇಳಿದ: ಅವರ ಊರಲ್ಲಿ ಇಂಥವಳೇ ಒಬ್ಬ ಮುದುಕಿ ಬಾಜೂ ಮನೆಯಲ್ಲಿ ಇದ್ದಳಂತೆ. ಮದುವೆಯಾಗಿ ಬಂದಾಗಿನಿಂದ ಇಬ್ಬರೂ ದಿನಾಲೂ ಜಗಳಾಡಿದವರು. ಆಕೆ ತೀರಿಕೊಂಡ ಮೇಲೆ ಇವನ ತಾಯಿಗೆ ಊಟ ಸೇರದಾಯಿತು. ಅದಕ್ಕೇ ಊರು ಬದಲಿಸಲು ಹೊರಟಿದ್ದು.

"ನಾ ಈ ಮನಿ ಬಿಟ್ಟ ಎಲ್ಲೀಗೂ ಬರೂದಿಲ್ಲ" ಎಂದಳು ತಾಯಿ, ನಾನು ಕೊಟ್ಟ ಕರದಂಟು ಅಗಿಯುತ್ತ.

ಗೋಡೆಯ ಆಚೆಯಿಂದ ದನಿ ಬಂತು: "ಏ ದಲಾಲ, ಆಕಿ ಮನಿ ತಗೋಳಲಿಲ್ಲ ಅಂದ್ರ ನಿನ್ನ ಬಿಡೂದಿಲ್ಲ ನಾ."

ಮನೆ ಖರೇದಿ ಆಯಿತು. ಮುದುಕಿಯರಿಬ್ಬರೂ ಮೈ ತುಂಬಿಕೊಂಡರು. ಮಗ ಮಾತ್ರ ಸೊರಗಿದ. ದಿನಬೆಳಗಾದರೆ ಕಿವಿಯ ಮೇಲೆ ಬಯ್ಗುಳ. ಕೊನೆಗೆ ಅವನು ಗೌಂಡಿಯನ್ನು ಕರೆಸಿ ನಡುವಿನ ಗೋಡೆ ಎತ್ತರಿಸಲು ಹಚ್ಚಿದ. ಅವತ್ತು ನಾನು ಅವರ ಮನೆಗೆ ಹೋಗಿದ್ದೆ. ಗೌಂಡಿ ಮೊದಲ ಕಲ್ಲು ಕೂಡಿಸುವಷ್ಟರಲ್ಲಿ ಈ ಕಡೆಯಿಂದ ತಾಯಿ, ಆ ಕಡೆಯಿಂದ ಮುದುಕಿ ಬಂದು ಗೋಡೆಯ ಮೇಲೆ ಕೈಯೂರಿ ನಿಂತರು.

"ಅವ್ವಾ, ನಿಮ್ಮ ಜಗಳ ನಿಲ್ಲಲಿ ಅಂತ ಕಟ್ಟಸಾಕತ್ತೇನಿ" ಎಂದ ಮಗ.

"ಗ್ವಾಡಿ ಎತ್ತರ ಆದ್ರ ಆಕಿ ಮಾರಿ ಕಾಣೂದಿಲ್ಲ. ಬೈದದ್ದು ಆಕಿಗೆ ತಾಗಿತೋ ಇಲ್ಲೋ ನನಗ ಹೆಂಗ ತಿಳೀಬೇಕ?" ಎಂದಳು ತಾಯಿ.

"ಖರೇನ ಹೇಳ್ತಾಳ ಆಕಿ" ಎಂದಳು ಆಚೆಯ ಮುದುಕಿ.

ಆ ಎರಡು ಬಾಯಿಗಳು ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಗೌಂಡಿ ಕರಣಿ ಕೆಳಗಿಟ್ಟ. ಇನ್ನು ಶಾಂತಿ ಬಂತು ಎಂದು ಮಗ ಕೈಮುಗಿದ.

ತಾಯಿ ನಿಧಾನಕ್ಕೆ ಗೋಡೆಯ ಕಡೆ ತಿರುಗಿದಳು.

"ನನ್ನ ಮಾತಿಗೆ ಹೌದ ಅನ್ನಾಕ ನೀ ಯಾರ?"