ನಿನ್ನೆಗೆ ಹೋಗಲು ಹುಮನಾಬಾದ್ ಬಸ್ಸು

ನನಗೆ ಯಾವುದನ್ನೂ ಎಸೆಯಲು ಕೈ ಬರುವುದಿಲ್ಲ. ಇದಕ್ಕಾಗಿ ಮನೆಯಲ್ಲಿ ಬೈಸಿಕೊಂಡು ಸಾಕಾಗಿದ್ದ ನನಗೆ ಕಂಪ್ಯೂಟರ್ ಬಂದ ದಿನ ಸ್ವರ್ಗವೇ ಸಿಕ್ಕಂತಾಗಿತ್ತು. ಅದರೊಳಗೆ ಎಷ್ಟು ತುಂಬಿದರೂ ಹೊರಗೆ ಕಾಣುವುದಿಲ್ಲ, ಕಸ ಗುಡಿಸುವವರ ಕಾಲಿಗೂ ತೊಡರುವುದಿಲ್ಲ. ಹಾಗಾಗಿ ಹೆಂಡತಿಯ ಅಣ್ಣನ ಮದುವೆಯ ವಿಡಿಯೊವನ್ನು, ಸರಿಯಾಗಿ ಕೂತಿತೋ ಇಲ್ಲವೋ ಎಂಬ ಅನುಮಾನದಲ್ಲಿ, ನಾಲ್ಕು ಸಲ ತುಂಬಿಸಿಟ್ಟಿದ್ದೆ.

ಆಗ ನಾನು ಬಸವಕಲ್ಯಾಣದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಟೈಪು ಮಾಡಿ ಮುಗಿಸಿದವನು ಸುಮ್ಮನಿರಬಾರದೆ? ಅಕ್ಷರ ಇನ್ನಷ್ಟು ಚಂದ ಕಾಣಲಿ ಎಂದು ಹೊಸದೊಂದು ಫಾಂಟು ಹಾಕಿದೆ. ಮರುಕ್ಷಣವೇ ಕನ್ನಡವೆಲ್ಲ ಖಾಲಿ ಚೌಕಗಳಾಗಿ ಸಾಲುಗಟ್ಟಿ ಕುಳಿತಿತು. ಮರುದಿನವೇ ಪತ್ರಿಕೆ ಹೆಡ್‌ಮಾಸ್ತರರ ಕೈ ಸೇರಬೇಕು. ಗಾಬರಿಯಲ್ಲಿ ಗಣಿತದ ಟೀಚರ್ ಶಾಂತಾಬಾಯಿಯವರಿಗೆ ಫೋನು ಹಚ್ಚಿದೆ. "ಚಿಂತಿ ಮಾಡಬ್ಯಾಡ್ರಿ ಸರ್. ಅದರಾಗ ಸಿಸ್ಟಮ್ ರಿಸ್ಟೋರ್ ಅಂತ ಅದ. ಮಷೀನ್ ನಿನ್ನೆ ಹ್ಯಾಂಗಿತ್ತೋ ಹಂಗ ಮಾಡಿ ಕೊಡ್ತದ" ಎಂದರು.

ಒತ್ತಿದೆ. ಡಿಸ್ಕಿನಲ್ಲಿ ಜಾಗವಿಲ್ಲ, ಆದ್ದರಿಂದ ಈ ಸೌಲಭ್ಯ ನಿಂತುಹೋಗಿದೆ ಎಂದಿತು. ಎದೆ ಗಟ್ಟಿ ಮಾಡಿಕೊಂಡು ಮೂರು ಮದುವೆಗಳನ್ನು ಅಳಿಸಿದೆ. ಜಾಗವಿಲ್ಲ ಎಂದಿತು. ಆರಿಸಿ ಮತ್ತೆ ಚಾಲೂ ಮಾಡಿದೆ. ಜಾಗವಿಲ್ಲ. ಕಂಪ್ಯೂಟರಿನ ಡಬ್ಬಿಯ ನೆತ್ತಿಗೆ ಎರಡು ಏಟು ಹಾಕಿದೆ. "ಬಡದ್ರ ಜಗಾ ಆಗ್ತದೇನ್ರಿ?" ಎಂದು ಅಡುಗೆಮನೆಯಿಂದ ಹೆಂಡತಿ ಕೇಳಿದಳು.

ಕೊನೆಗೆ ಡಬ್ಬಿಯನ್ನು ದುಪ್ಪಟಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಹುಮನಾಬಾದ್ ಬಸ್ಸು ಹತ್ತಿದೆ. ಪ್ರತಿ ತಗ್ಗಿಗೂ ನಾನು ಅದನ್ನು ಅಪ್ಪಿಕೊಳ್ಳುವುದನ್ನು ಕಂಡು ಪಕ್ಕದ ಮುದುಕಿ, "ಏನದೋ ತಮ್ಮಾ, ದೇವ್ರಾ?" ಎಂದಳು. "ಇಲ್ಲಬೇ, ದೆವ್ವ" ಎಂದೆ. ಆಕೆ ಎದ್ದು ಬೇರೆ ಸೀಟಿಗೆ ಹೋದಳು.

ಹುಮನಾಬಾದಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ರಫೀಕ್ ಭಾಯಿ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು, ತಾಳ್ಮೆಯ ಮನುಷ್ಯ. ಪರದೆಯ ಮೂಲೆಯಲ್ಲಿದ್ದ ಕಸದ ಬುಟ್ಟಿ ತೆರೆದು ತೋರಿಸಿದರು. ಮೂರೂ ಮದುವೆಗಳು ಅಲ್ಲೇ ಆರಾಮಾಗಿದ್ದವು. "ಸರ್, ನೀವು ತೆಗದೇ ಇಲ್ರಿ. ಈ ಖೋಲಿದಿಂದ ಆ ಖೋಲಿಗಿ ಇಟ್ಟೀರಿ, ಅಷ್ಟೇ." ಬುಟ್ಟಿ ಬರಿದು ಮಾಡಿ, ನಿಂತಿದ್ದ ಸೌಲಭ್ಯವನ್ನು ಚಾಲೂ ಮಾಡಿದರು.

"ಈಗ ನಿನ್ನೆಗಿ ಹೋಗೋಣ್ರಿ ಭಾಯಿ" ಎಂದೆ.

"ನಿನ್ನೆ ಎಲ್ಲದ ಸರ್? ಜಗಾ ಮುಗದಾಗ ಹಿಂದಿನ ದಿನ ಎಲ್ಲಾ ಅದೇ ಅಳಿಸಿ ಹಾಕ್ಯಾದ. ಇನ್ನ ಇವತ್ತಿಂದ ಶುರು."

ನನಗೆ ಮೈಯೆಲ್ಲ ಉರಿಯಿತು. ತುಂಡು ದಾರವನ್ನೂ ಎಸೆಯದವನು ನಾನು. ನನ್ನ ಮನೆಯ ಯಂತ್ರ ನನ್ನನ್ನು ಕೇಳದೆ ದಿನಗಳನ್ನೇ ಎಸೆದಿತ್ತು! ರಫೀಕ್ ಭಾಯಿ ಮಾತ್ರ ಹೊಸ ಫಾಂಟು ಕಿತ್ತು, ತಮ್ಮ ಫ್ಲಾಪಿಯಿಂದ ಹಳೆಯದನ್ನು ಹಾಕಿದರು. ಎರಡೇ ನಿಮಿಷ, ಅಕ್ಷರಗಳು ಮರಳಿದವು. "ಇಷ್ಟಕ್ಕ ಇಲ್ಲಿತನಕ ಬಂದ್ರಿ?" ಎಂದು ನಕ್ಕರು. ಸಂತೋಷದಲ್ಲಿ, ಪ್ರಶ್ನೆಪತ್ರಿಕೆ ಎಂಬ ಹೆಸರಿನಲ್ಲೇ ಸಾಲಾಗಿದ್ದ ಫೈಲುಗಳಲ್ಲಿ ಮೇಲಿನದನ್ನು ತೋರಿಸಿ, ಅಲ್ಲೇ ಪ್ರಿಂಟು ತೆಗೆಸಿಕೊಂಡು ಬಂದೆ.

ಮರುದಿನ ಹೆಡ್‌ಮಾಸ್ತರರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಕ್ಷರ ಭಾಳ ಚಲೋ ಬಂದಾವ್ರಿ ಮಾಸ್ತರ. ಆದ್ರ ಇದು ಹೋದ ವರ್ಷದ ಪೇಪರ್ ಅದ."

ಯಂತ್ರಕ್ಕೆ ಒಂದೇ ಒಂದು ದಿನ ಹಿಂದಕ್ಕೆ ಹೋಗಲು ಆಗಿರಲಿಲ್ಲ. ನಾನು ಯಾರ ನೆರವೂ ಇಲ್ಲದೆ ಪೂರಾ ಒಂದು ವರ್ಷ ಹೋಗಿ ಬಂದಿದ್ದೆ.